ಮೂರು ಗ್ರಾಂ ನನ್ನದು, ಉಳಿದ ಆರು ಯಾರದು?

ಸಭೆಗೆ ನಮಸ್ಕಾರ. ಮುಂದಿನ ಸಾಲಿನ ಕುರ್ಚಿಯವರೇ, ಹಿಂದೆ ಗೋಡೆಗೆ ಒರಗಿದವರೇ, ಟಿಕೆಟ್ ಇಲ್ಲದೆ ಕಿಟಕಿಯಲ್ಲಿ ಇಣುಕುತ್ತಿರುವವರೇ, ಎಲ್ಲರೂ ಒಂದು ಹೆಜ್ಜೆ ಹತ್ತಿರ ಬನ್ನಿ. ಈ ಪತ್ರ ನಿಮಗೆ ಬರೆದದ್ದಲ್ಲ, ಮಾಲಿನ್ಯ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ ಬರೆದದ್ದು. ಆದರೆ ಅವರಿಗೆ ಲಕೋಟೆಯಲ್ಲಿ ಮುಚ್ಚಿ ಕಳಿಸಿದ ಐದು ಪತ್ರಗಳು ಯಾವ ಬಾವಿಗೆ ಬಿದ್ದವೋ, ನೀರಿನ ಸದ್ದೂ ಕೇಳಲಿಲ್ಲ. ಆರನೆಯದನ್ನು ನಿಮ್ಮೆದುರು ಗಟ್ಟಿಯಾಗಿ ಓದುತ್ತೇನೆ. ಅವರಿಗೆ ಕೇಳಿಸದಿದ್ದರೆ ನಿಮಗಾದರೂ ಕೇಳಿಸಲಿ.

ಮಾನ್ಯರೇ, ಕಳೆದ ವಾರ ತಾವು ಸಹಿ ಹಾಕಿದ ಆದೇಶ ನನ್ನ ಮೇಜಿನ ಮೇಲಿದೆ. ಕುಲುಮೆ ಬೀದಿಯ ಮಡಿವಾಳ ಹಕ್ಕಿಗಳ ಮರಿಗಳಲ್ಲಿ ಸಿಕ್ಕಿರುವ ಸೀಸಕ್ಕೆ, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಆ ಬೀದಿಯ ಕಾರ್ಖಾನೆ ಕಾರಣವಲ್ಲ, ನಾನು ಕಾರಣ ಎಂದು ಅದರಲ್ಲಿದೆ. ಆದ್ದರಿಂದ ಕಡತ ಮುಚ್ಚಿದೆ. ಆದ್ದರಿಂದಲೇ ಬರುವ ಸೋಮವಾರ ಕಾರ್ಖಾನೆಯವರು ಎರಡನೆಯ ಕುಲುಮೆಯನ್ನು ಹೊತ್ತಿಸಬಹುದು. ತಾವು ನನ್ನನ್ನು ತಪ್ಪಿತಸ್ಥ ಎಂದಿರಿ. ಅದಕ್ಕೆ ನನ್ನ ತಕರಾರಿಲ್ಲ, ನಾನು ತಪ್ಪಿತಸ್ಥನೇ. ನನ್ನೊಬ್ಬನನ್ನೇ ಅಂದಿರಲ್ಲ, ತಕರಾರು ಅದಕ್ಕೆ.

ನಾನು ಯಾರೆಂದು ಸಭೆಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಈಗ ಬಾಗಿಲು, ಕಿಟಕಿ, ಬೀರು ಮಾಡುವ ಬಡಗಿ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿದ್ದೆ. ಹಗಲು ಪರದೆ ಮತ್ತು ಹಲಗೆಗಳಿಗೆ ಬಣ್ಣ ಬಳಿಯುವುದು, ಸಂಜೆ ಮೀಸೆ ಅಂಟಿಸಿಕೊಂಡು ಸೇನಾಪತಿಯಾಗಿ ಅರಚುವುದು. ಮೈಕು ಕೈಕೊಟ್ಟ ದಿನವೂ ಕೊನೆಯ ಸಾಲಿನ ಮಗುವನ್ನು ನಿದ್ದೆಯಿಂದ ಎಬ್ಬಿಸುವ ಗಂಟಲು ನನ್ನದು. ಕಂಪನಿ ಮುಚ್ಚಿದಾಗ ನನ್ನ ಪಾಲಿಗೆ ಬಂದದ್ದು ಹಳೆಯ ದೃಶ್ಯದ ಹಲಗೆಗಳು ಮಾತ್ರ. ಅರಮನೆಯ ಕಂಬಗಳು, ಉದ್ಯಾನದ ಬಳ್ಳಿಗಳು, ದಟ್ಟ ಕಾಡು, ಎಲ್ಲ ಗೆದ್ದಲು ಹಿಡಿಯದ ಗಟ್ಟಿ ಮರ.

ನನ್ನ ಅಕ್ಕ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಅವಳಿಗೆ ಹಕ್ಕಿಯ ಹುಚ್ಚು ಹತ್ತಿತು. ಹತ್ತಿಸಿದವಳು ವಿಶ್ವವಿದ್ಯಾಲಯದ ಒಬ್ಬ ಸಂಶೋಧಕಿ. ಅರಣ್ಯ ಇಲಾಖೆಯ ಅನುಮತಿ ಪತ್ರ ಚೀಲದಲ್ಲಿಟ್ಟುಕೊಂಡು, ಹಕ್ಕಿಗಳ ಕಾಲಿಗೆ ಬಣ್ಣಬಣ್ಣದ ಸಣ್ಣ ಬಳೆ ತೊಡಿಸಿ ಬಿಡುವುದು ಅವಳ ಕೆಲಸ. ಅದಕ್ಕೇ ನಮ್ಮ ಬೀದಿಯಲ್ಲಿ ಅವಳು ಬಳೆಗಾರ್ತಿ. ಮಡಿವಾಳ ಹಕ್ಕಿ ಪೊಟರೆಯಲ್ಲಿ ಗೂಡು ಕಟ್ಟುವ ಜಾತಿ. ಹಳೆಯ ಮರಗಳೆಲ್ಲ ಉರುಳಿದ ಮೇಲೆ ಅದಕ್ಕೆ ಮನೆಯಿಲ್ಲ. "ಅಣ್ಣ, ನೀವು ಬಡಗಿ ಅಲ್ವಾ, ಒಂದಷ್ಟು ಗೂಡುಪೆಟ್ಟಿಗೆ ಮಾಡಿಕೊಡಿ" ಅಂದಳು ಬಳೆಗಾರ್ತಿ. ಹದಿನೇಳು ಪೆಟ್ಟಿಗೆ ಮಾಡಿದೆ. ಎಂಟನ್ನು ನಾವಿರುವ ಕುಲುಮೆ ಬೀದಿಯಲ್ಲೇ ತೂಗುಹಾಕಿದೆವು. ಒಂಬತ್ತನ್ನು ಮೂರು ಕಿಲೋಮೀಟರ್ ಆಚೆ, ನೀರು ಶುದ್ಧ ಮಾಡುವ ಘಟಕದ ಆವರಣದಲ್ಲಿ, ಗಾಳಿ ಕಾರ್ಖಾನೆಯ ಕಡೆಯಿಂದ ಬೀಸದ ಜಾಗದಲ್ಲಿ.

ಅಲ್ಲಿಂದ ಒಂಬತ್ತು ವರ್ಷ ಅಕ್ಕ ಗೂಡಿನ ಕಾಲದಲ್ಲಿ ಒಂದು ದಿನವೂ ತಪ್ಪಲಿಲ್ಲ. ಮೊಟ್ಟೆ ಒಡೆದ ಎಂಟನೆಯ ದಿನ ಏಣಿ ಹತ್ತುವಳು. ಅಸ್ತರಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಸಂಚಿಯಲ್ಲಿ ಮರಿಯನ್ನು ಇಳಿಸಿ, ಹೊಲಿಗೆ ಅಂಗಡಿಯವರು ಗುಂಡಿ ತೂಗುವ ತಕ್ಕಡಿಯಲ್ಲಿಟ್ಟು, ತೂಕ ಬರೆದುಕೊಂಡು, ಮತ್ತೆ ಗೂಡಿಗೆ ಸೇರಿಸುವಳು. ಕಾರ್ಖಾನೆಯ ಕಾಂಪೌಂಡ್ ಗೋಡೆಯಲ್ಲಿ ಇಟ್ಟಿಗೆ ಬಿದ್ದ ನಾಲ್ಕು ತೂತುಗಳಿವೆ. ಅಲ್ಲೂ ಹಕ್ಕಿಗಳು ತಾವಾಗಿಯೇ ಗೂಡು ಕಟ್ಟುತ್ತಿದ್ದವು, ಅವುಗಳನ್ನೂ ತೂಗಿದಳು. ಒಟ್ಟು ಮುನ್ನೂರ ಹನ್ನೆರಡು ಮರಿಗಳು. ಬಳೆಗಾರ್ತಿ ಪ್ರತಿ ಮರಿಗೂ ಬಳೆ ತೊಡಿಸಿದಳು, ಒಂದೊಂದು ಗರಿ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದಳು. ಗರಿಯಲ್ಲಿ ಸೀಸ ಬಂತು. ಕುಲುಮೆ ಬೀದಿಯ ಗರಿಯಲ್ಲಿ ಹೆಚ್ಚು ಬಂತು. ಆಗ ನಾವು ತಮ್ಮ ಬಾಗಿಲು ಬಡಿದದ್ದು.

ಮಾನ್ಯರೇ, ತಮ್ಮ ಕಚೇರಿಯ ಅರ್ಜಿ ನಮೂನೆಯನ್ನು ಒಂದು ಸಲ ತಾವೇ ತುಂಬಿ ನೋಡಿದ್ದೀರಾ? ಬಾಧಿತರ ಹೆಸರು, ಬಾಧಿತರ ವಿಳಾಸ, ಬಾಧಿತರ ವಯಸ್ಸು, ಬಾಧಿತರ ಸಹಿ ಅಥವಾ ಹೆಬ್ಬೆರಳ ಗುರುತು. ಅಕ್ಕ ಪ್ರಾಮಾಣಿಕಳು. ವಯಸ್ಸಿನ ಜಾಗದಲ್ಲಿ ಎಂಟು ದಿನ ಎಂದು ಬರೆದಳು. ಗುಮಾಸ್ತರು ಕನ್ನಡಕ ಏರಿಸಿ ಅವಳನ್ನೂ ನೋಡಿದರು, ಕಾಗದವನ್ನೂ ನೋಡಿದರು.

"ಅಮ್ಮಾ, ಇದರಲ್ಲಿ ಮನುಷ್ಯರದ್ದು ಹಾಕ್ಬೇಕು."

"ಮನುಷ್ಯರ ಬಗ್ಗೆ ನನಗೆ ಗೊತ್ತಿಲ್ಲಪ್ಪ. ನಾನು ತೂಗಿರೋದು ಇವನ್ನ."

"ಸರಿ, ವಿಳಾಸ?"

"ಕಾರ್ಖಾನೆ ಗೋಡೆ, ಎಡದಿಂದ ಮೂರನೇ ತೂತು. ಟಪಾಲು ಹಾಕಿದ್ರೆ ಸಿಗುತ್ತೆ, ಆದ್ರೆ ಬೆಳಿಗ್ಗೆ ಹೊತ್ತು ಮನೇಲಿರಲ್ಲ."

ಗುಮಾಸ್ತರು ನಕ್ಕರು. ಆ ಕಟ್ಟಡದಲ್ಲಿ ನಾನು ಕಂಡ ಒಂದೇ ನಗು ಅದು. ಅವರ ಋಣ ನನ್ನ ಮೇಲಿದೆ. ಏನು ಋಣವೆಂದು ಮುಂದೆ ಹೇಳುತ್ತೇನೆ.

ಆಮೇಲೆ ತಮ್ಮ ತಂಡ ಪರಿಶೀಲನೆಗೆ ಬಂತು. ಕುಲುಮೆ ತಣ್ಣಗಿದ್ದ ದಿನ ನೋಡಿ ಬಂತು. ಗಾಳಿಗೆ ಬೆನ್ನು ಮಾಡಿ, ಮುಂಬಾಗಿಲಲ್ಲಿ ಯಂತ್ರ ಇಟ್ಟು, ಯಜಮಾನರ ಕೊಠಡಿಯಲ್ಲಿ ಚಹಾ ಕುಡಿದು, ಎಲ್ಲವೂ ಮಿತಿಯೊಳಗಿದೆ ಎಂದು ಬರೆದುಕೊಂಡು ಹೋಯಿತು. ಯಾರ ಮಿತಿ, ಮಾನ್ಯರೇ? ಆ ಮಿತಿ ಬರೆದವರು ದಿನಕ್ಕೆ ಎಂಟು ಗಂಟೆ ದುಡಿದು ಮನೆಗೆ ಹೋಗುವ ಅರವತ್ತು ಕಿಲೋ ತೂಕದ ಗಂಡಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ನಮ್ಮ ಬಾಧಿತರ ತೂಕ ಇಪ್ಪತ್ತು ಗ್ರಾಂ. ಅವರಿಗೆ ಪಾಳಿ ಇಲ್ಲ, ವಾರದ ರಜೆ ಇಲ್ಲ, ಕಣ್ಣು ಬಿಡುವುದಕ್ಕೂ ಮೊದಲೇ ಉಣ್ಣುವುದು ಆ ಚರಂಡಿಯ ಮಣ್ಣಿನ ಎರೆಹುಳುವನ್ನೇ. ಆನೆಯ ಅಳತೆಗೆ ಹೊಲಿದ ಅಂಗಿಯನ್ನು ಇರುವೆಗೆ ತೊಡಿಸಿ, ಸಡಿಲವಾಗಿದೆ, ಉಸಿರಾಡಲು ತೊಂದರೆಯಿಲ್ಲ ಎಂದು ಷರಾ ಬರೆದಂತಾಯಿತಲ್ಲವೇ?

ಇನ್ನು ವಿಚಾರಣೆಯ ದಿನ. ಮಹಾಜನರೇ, ಇಲ್ಲಿ ಕಿವಿಗೊಡಿ. ನಾನು ಹಾಳಾದದ್ದು ಇಲ್ಲಿ.

ಉದ್ದನೆಯ ಮೇಜು. ಆ ತುದಿಯಲ್ಲಿ ತಾವು, ಬಲಕ್ಕೆ ಕಾರ್ಖಾನೆಯ ಯಜಮಾನರು, ಈ ತುದಿಯಲ್ಲಿ ಅಕ್ಕ, ಬಳೆಗಾರ್ತಿ ಮತ್ತು ನಾನು. ಅಕ್ಕನ ಮುಂದೆ ಒಂಬತ್ತು ನೋಟ್‌ಬುಕ್ಕುಗಳು, ಅವಳ ಕೈಯಲ್ಲಿ ಪೆನ್ಸಿಲ್. ತಾವು ಮೊದಲು ಕೇಳಿದ್ದು, ಸತ್ತ ಹಕ್ಕಿ ಎಷ್ಟು ಎಂದು.

"ಸಾಯೋದು ಕಡಿಮೆ ಸರ್" ಅಂದಳು ಬಳೆಗಾರ್ತಿ. "ಇವು ಬದುಕ್ತವೆ. ಆದ್ರೆ ಸಣ್ಣಗೆ ಬದುಕ್ತವೆ. ಗೂಡಲ್ಲಿರೋ ಹದಿನೈದು ದಿನದಲ್ಲಿ ಮೈಗೆ ಸೇರಿದ್ದು ಆಮೇಲೆ ಇಡೀ ಆಯಸ್ಸು ಕಾಡುತ್ತೆ. ರಕ್ತ ಕಡಿಮೆ, ತೂಕ ಕಡಿಮೆ, ಗರಿ ಮಂಕು. ಹಾಡು ಕಲಿಯೋ ಶಕ್ತೀನೂ ಕಡಿಮೆ."

"ಹೆಣ ಇಲ್ದೆ ದೂರು ಹೆಂಗಮ್ಮ? ಮನುಷ್ಯರಿಗೆ ಏನಾದ್ರೂ ಆಗಿದ್ಯಾ?"

"ಹಕ್ಕಿಗೆ ಆದ್ರೆ ಸಾಲ್ದಾ ಸರ್?" ಅಂದಳು ಅಕ್ಕ. ಮೆಲ್ಲಗೆ ಅಂದಳು. ಅವಳಿಗೆ ನನ್ನ ಗಂಟಲಿಲ್ಲ.

ಯಜಮಾನರು ಆಗ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಲು ಅನುಮತಿ ಬೇಡಿದರು. ನನ್ನ ಕಡೆ ತಿರುಗಿ, "ನಿಮ್ಮ ಕೈಕೆಲಸ ಭಾರಿ ಚೆನ್ನಾಗಿದೆ ಅಂತ ಕೇಳಿದೀನಿ. ಆ ಪೆಟ್ಟಿಗೆಗಳನ್ನ ಹೆಂಗೆ ಮಾಡಿದ್ರಿ?" ಅಂದರು. ಹೊಗಳಿಕೆಗೆ ಬಾಗದ ನಟ ಉಂಟೇ? ನಾನು ಎದ್ದು ನಿಂತೆ. ಕುರ್ಚಿಯಲ್ಲಿ ಕೂತು ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತೇನೋ.

"ಕಂಪನಿ ಹಲಗೆ ಸ್ವಾಮಿ. ಅರಮನೆ ದೃಶ್ಯದ್ದು, ಉದ್ಯಾನದ್ದು. ಬೇರೆಯವರಾಗಿದ್ರೆ ಬಣ್ಣದ ಮುಖ ಹೊರಗಡೆ ಮಾಡಿ ಜೋಡಿಸ್ತಿದ್ರು. ನಾನು ಬಣ್ಣಾನ ಒಳಗಡೆ ಮಾಡಿದೆ."

"ಯಾಕೆ?"

"ಬಣ್ಣ ಯಾವತ್ತೂ ನೋಡೋರ ಕಡೆ ಇರ್ಬೇಕು. ಹೊರಗೆ ಹೋಗೋ ಬರೋರಿಗೆ ಯಾಕೆ ಬೇಕು ಅರಮನೆ? ಒಳಗಿರೋ ಮರಿಗಳೇ ನಮ್ಮ ಪ್ರೇಕ್ಷಕರು. ಹದಿನೈದು ದಿನ ಕತ್ತಲಲ್ಲಿ ಕೂತಿರ್ತವೆ, ಕಣ್ಣು ಬಿಟ್ಟಾಗ ನೋಡೋಕೆ ಏನಾದ್ರೂ ಇರ್ಲಿ ಅಂತ."

ತಾವು ಆಗ ಮೊದಲ ಬಾರಿಗೆ ಕಡತದಿಂದ ತಲೆಯೆತ್ತಿದಿರಿ. "ಬಣ್ಣ ಯಾವ್ದು?" ಎಂದು ಕೇಳಿದಿರಿ.

"ಕೆಳಗೆ ಸೀಸದ ಬಿಳಿ ಸ್ವಾಮಿ, ಈಗಿನ ನೀರುಬಣ್ಣ ಅಲ್ಲ. ಒಂದೇ ಕೈಗೆ ಮುಚ್ಚುತ್ತೆ. ನಲವತ್ತು ವರ್ಷ ಆದ್ರೂ ಕದಲಲ್ಲ."

ಹೇಳಿ ಮುಗಿಸಿದೆ. ಚಪ್ಪಾಳೆಗೆ ಕಾದೆ. ಪಕ್ಕಕ್ಕೆ ನೋಡಿದರೆ ಅಕ್ಕನ ಪೆನ್ಸಿಲ್ ನಿಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಕಥೆ ಕೇಳಿದ್ದೀರಿ. ಯಾರೂ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿಯನ್ನು ಹೊತ್ತು ತಂದು, ಮೇಜಿನ ಮೇಲಿಟ್ಟು, ಎಷ್ಟು ದೊಡ್ಡದಿದೆ ನೋಡಿ ಎಂದವನ ಕಥೆ ಇದು.

ಅಲ್ಲಿಗೆ ವಿಚಾರಣೆ ಮುಗಿಯಿತು. ತಾವು ನೋಟ್‌ಬುಕ್ಕುಗಳನ್ನು ತೆರೆಯಲಿಲ್ಲ. ಕಾರಣ ಸಿಕ್ಕ ಮೇಲೆ ಪುರಾವೆ ಯಾಕೆ?

ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಬಳೆಗಾರ್ತಿ ನನಗೆ ಬಿಡಿಸಿ ಹೇಳಿದಳು. ಹೇಳುವಾಗ ನನ್ನ ಮುಖ ನೋಡದೆ ಕಿಟಕಿಯ ಆಚೆ ನೋಡುತ್ತಿದ್ದಳು. ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಬೇಕು. ಮೊಟ್ಟೆ ಇಡುವ ದಿನಗಳಲ್ಲಿ ತಾಯಿ ಹಕ್ಕಿ ಬಿಳಿ ಕಂಡದ್ದನ್ನೆಲ್ಲ ಕುಕ್ಕುತ್ತದೆ. ಬಸವನಹುಳದ ಚಿಪ್ಪು, ಗೋಡೆಯ ಗಾರೆ, ಏನಾದರೂ ಸರಿ. ನನ್ನ ಅರಮನೆಯ ಬಿಳಿ ಕಂಬಗಳಿಂದ ಎದ್ದ ಚಕ್ಕೆಗಳನ್ನೂ ಕುಕ್ಕಿತು. ಕದಲುವುದಿಲ್ಲ ಎಂದಿದ್ದೆನಲ್ಲ, ಕದಲಿತ್ತು. ಪೆಟ್ಟಿಗೆಯೊಳಗಿನ ಸೆಕೆಗೆ ಬಣ್ಣ ಹೊಟ್ಟುಹೊಟ್ಟಾಗಿ ಎದ್ದಿತ್ತು. ತಾಯಿ ಅದನ್ನು ತಿಂದು ಮೊಟ್ಟೆ ಇಟ್ಟಿತು, ಅದರ ಪುಡಿಯ ಮೇಲೆಯೇ ಮರಿ ಮಲಗಿತು. ಒಂಬತ್ತು ವರ್ಷ ನಾನು ಏಣಿಯ ಕೆಳಗೆ ನಿಂತು, ಅಕ್ಕಾ, ಅರಮನೆ ಹೆಂಗಿದೆ ಎಂದು ಕೇಳುತ್ತಿದ್ದೆ. ಚೆನ್ನಾಗಿದೆ ಕಣೋ ಎನ್ನುತ್ತಿದ್ದಳು ಅವಳು.

ಆ ಸಂಜೆ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅನ್ನ ಬಡಿಸಿದಳು, ತಟ್ಟೆ ತೊಳೆದಿಟ್ಟಳು, ಒಂಬತ್ತು ನೋಟ್‌ಬುಕ್ಕುಗಳನ್ನು ಚೀಲದಿಂದ ತೆಗೆದು ನಡುಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ, ಕೈಗೆ ಸಿಗದ ಜಾಗದಲ್ಲಿ ಇಟ್ಟಳು. ಮಾರನೆಯ ದಿನ ಏಣಿ ತೆಗೆಯಲಿಲ್ಲ. ಅದರ ಮಾರನೆಯ ದಿನವೂ ತೆಗೆಯಲಿಲ್ಲ. ಗೂಡಿನ ಕಾಲ ನಡೆಯುತ್ತಿತ್ತು, ಎಂಟನೆಯ ದಿನದ ಮರಿಗಳು ತೂಕವಾಗದೆ ಒಂಬತ್ತನೆಯ ದಿನಕ್ಕೆ ಕಾಲಿಟ್ಟವು. ಒಂಬತ್ತು ವರ್ಷದ ಕೆಲಸ ತಮ್ಮನ ಒಂದು ಜಂಬದ ಮಾತಿನಲ್ಲಿ ಕೆಟ್ಟಿತು ಎಂದು ಅವಳು ತಿಳಿದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ. ತಮ್ಮ ಆದೇಶವೂ ಅದನ್ನೇ ಹೇಳಿತು. "ಅರ್ಜಿದಾರರ ದಾಖಲೆಗಳು ಕಲುಷಿತವಾಗಿರುವುದರಿಂದ ಪರಿಗಣನೆಗೆ ಅರ್ಹವಲ್ಲ." ಎಂಥ ಸೊಗಸಾದ ಮಾತು. ನೆಲ ಕಲುಷಿತವಲ್ಲ, ಗಾಳಿ ಕಲುಷಿತವಲ್ಲ, ಆ ಬೀದಿಯಲ್ಲಿ ಕಲುಷಿತವಾಗಿದ್ದದ್ದು ಅಕ್ಕನ ನೋಟ್‌ಬುಕ್ಕು ಒಂದೇ.

ನಾಲ್ಕನೆಯ ದಿನ ನಾನು ಬೀರಿನ ಬಾಗಿಲಿಗೆ ಕೀಲು ಕೂರಿಸುತ್ತಿದ್ದಾಗ ಅಕ್ಕ ಅಂಗಡಿಗೆ ಬಂದಳು. ನೋಟ್‌ಬುಕ್ಕುಗಳ ಚೀಲ ಹೆಗಲಲ್ಲಿತ್ತು, ಕೈಯಲ್ಲಿ ಕೆಂಪು ಪೆನ್ಸಿಲ್.

"ಹದಿನೇಳೂ ಅರಮನೆ ಹಲಗೇನಾ?" ಅಂದಳು.

"ಇಲ್ಲಕ್ಕ. ಹನ್ನೊಂದಕ್ಕೆ ಹಲಗೆ ಮುಗೀತು. ಉಳಿದ ಆರು ಪ್ಯಾಕಿಂಗ್ ಪೆಟ್ಟಿಗೆ ಮರದ್ದು. ಬರೀ ಮರ, ಬಣ್ಣ ಇಲ್ಲ."

"ಯಾವ್ದು ಯಾವ್ದು?"

ಮಹಾಜನರೇ, ನನಗೆ ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ನೆನಪಿರುವುದಿಲ್ಲ. ಆದರೆ ನಾನು ಬಳಿದ ಹಲಗೆ ಮರೆಯುತ್ತೇನೆಯೇ? ಒಂದೊಂದನ್ನೂ ಹೇಳಿದೆ. ಮೂರನೆಯದು ಅಂತಃಪುರದ ಕಂಬ. ನಾಲ್ಕನೆಯದು ಸಿಂಹಾಸನದ ಮೆಟ್ಟಿಲು. ಏಳನೆಯದು ಕಾಡಿನ ಎಡಭಾಗ, ಜಿಂಕೆಯ ಹಿಂಗಾಲು ಸೇರಿ. ಒಂಬತ್ತನೆಯದು ಬರೀ ಮರ. ಹತ್ತು ಸೆರೆಮನೆಯ ಗೋಡೆ. ಅಕ್ಕ ಬರೆದುಕೊಂಡಳು.

"ಮರಿಗಳನ್ನ ಸೆರೆಮನೇಲಿ ಇಟ್ಟಿದ್ಯೇನೋ?"

"ಅದರಲ್ಲಿ ಒಂದು ಕಿಟಕಿ ಇತ್ತಕ್ಕ. ಆಚೆ ಚಂದ್ರ ಬರೆದಿದ್ದೆ."

ಅವಳು ನಗಲಿಲ್ಲ, ಆದರೆ ನಾಲ್ಕು ದಿನದ ಮೇಲೆ ನನ್ನ ಮುಖ ನೋಡಿದಳು. "ಅಳ್ಬೇಡ, ಮರದ ಪುಡಿ ಮೇಲೆ ನೀರು ಬಿದ್ರೆ ಕಲೆ ಆಗುತ್ತೆ" ಅಂದಳು. ನನ್ನ ಮೊಳೆ ಡಬ್ಬಿಯನ್ನು ಸರಿಸಿ ಅಲ್ಲೇ ಕೂತು, ಒಂಬತ್ತು ವರ್ಷದ ಪುಟಗಳಲ್ಲಿ ಅರಮನೆಯ ಮರಿಗಳಿಗೆಲ್ಲ ಕೆಂಪು ಗೆರೆ ಎಳೆದಳು. ಮೂರು ದಿನ ಎಳೆದಳು. ಆಮೇಲೆ ಗೆರೆ ಇದ್ದವನ್ನು ಬೇರೆ, ಇಲ್ಲದವನ್ನು ಬೇರೆ ಮಾಡಿ ಸರಾಸರಿ ತೆಗೆದಳು. ಆ ಕಾಗದವನ್ನು ಇದೀಗ ತಮ್ಮ ಮುಂದೆ ಹಿಡಿಯುತ್ತಿದ್ದೇನೆ. ದಶಾಂಶಗಳನ್ನು ಬಿಡಲು ಅಕ್ಕ ಒಪ್ಪಲಿಲ್ಲ. ಸಭೆಯ ಅನುಕೂಲಕ್ಕೆ ನಾನೇ ಬಿಟ್ಟಿದ್ದೇನೆ.

ನೀರಿನ ಘಟಕದಲ್ಲಿ, ಬಣ್ಣವಿಲ್ಲದ ಪೆಟ್ಟಿಗೆಯ ಮರಿ ಎಂಟನೆಯ ದಿನ ಇಪ್ಪತ್ತಾರು ಗ್ರಾಂ ತೂಗಿತು. ಮರಿ ಎಷ್ಟು ತೂಗಬೇಕೋ ಅಷ್ಟು. ಅದೇ ಘಟಕದಲ್ಲಿ, ಅದೇ ಗಾಳಿಯಲ್ಲಿ, ನನ್ನ ಅರಮನೆಯ ಮರಿ ಇಪ್ಪತ್ಮೂರು ತೂಗಿತು. ವ್ಯತ್ಯಾಸ ಮೂರು ಗ್ರಾಂ. ಅದನ್ನು ಕದ್ದವನು ನಾನು. ಹೌದು, ಮಾನ್ಯರೇ, ನಾನೇ. ಈಗ ಕುಲುಮೆ ಬೀದಿಗೆ ಬನ್ನಿ. ಅಲ್ಲಿ ಬಣ್ಣವಿಲ್ಲದ ಪೆಟ್ಟಿಗೆಯ ಮರಿ, ನನ್ನ ಕುಂಚ ಸೋಕದ ಬರಿ ಮರದ ಪೆಟ್ಟಿಗೆಯ ಮರಿ, ತೂಗಿದ್ದು ಇಪ್ಪತ್ತು. ಕಾಂಪೌಂಡ್ ಗೋಡೆಯ ತೂತಿನ ಮರಿಯೂ ಇಪ್ಪತ್ತು. ಆ ತೂತನ್ನು ನಾನು ಮಾಡಲಿಲ್ಲ, ಅದಕ್ಕೆ ಬಣ್ಣ ಬಳಿಯಲಿಲ್ಲ, ಅದರೊಳಗೆ ಅರಮನೆಯೂ ಇಲ್ಲ, ಸೆರೆಮನೆಯೂ ಇಲ್ಲ. ಇಲ್ಲಿ ಆರು ಗ್ರಾಂ ಹೋಗಿದೆ. ಯಾರು ತೆಗೆದುಕೊಂಡರು? ಕುಲುಮೆ ಬೀದಿಯ ಅರಮನೆಯಲ್ಲಿ ಹುಟ್ಟಿದ ಮರಿಗಂತೂ ನನ್ನ ಮೂರೂ ಆ ಆರೂ ಎರಡೂ ಬಿದ್ದವು. ಅದು ಹದಿನೇಳಕ್ಕೆ ಇಳಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಬಗ್ಗೆ ಕೇಳಿದ್ದೆವು. ಇಲ್ಲಿ ಎತ್ತಿಗೂ ಜ್ವರ, ಎಮ್ಮೆಗೂ ಜ್ವರ. ತಾವು ಎಮ್ಮೆಯ ಜ್ವರ ಮಾತ್ರ ನೋಡಿ, ಎತ್ತಿಗೆ ಇನ್ನೊಂದು ನೊಗ ಕಟ್ಟಲು ಅಪ್ಪಣೆ ಕೊಟ್ಟಿದ್ದೀರಿ. ನನ್ನ ತಪ್ಪು ತಮಗೆ ಪರದೆಯಾಯಿತು. ನಾನು ಬಹಳ ಪರದೆ ಬರೆದವನು. ಪರದೆಯ ಹಿಂದೆ ಯಾರು ನಿಂತಿರುತ್ತಾರೆಂದು ನನಗೆ ಗೊತ್ತಿರುತ್ತದೆ.

ಗ್ರಾಂ ಎಂದರೆ ಎಷ್ಟು ಮಹಾ ಎನ್ನುವಿರಿ. ಒಬ್ಬನ ಕಥೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಸಿಂಹಾಸನದ ಮೆಟ್ಟಿಲು ಬರೆದ ನಾಲ್ಕನೆಯ ಪೆಟ್ಟಿಗೆಯಲ್ಲಿ, ಕುಲುಮೆ ಬೀದಿಯಲ್ಲಿ, ಅವನು ಹುಟ್ಟಿದ. ಎಂಟನೆಯ ದಿನ ಹದಿನೇಳು ಗ್ರಾಂ. ಬಳೆಗಾರ್ತಿ ಎಡಗಾಲಿಗೆ ನೀಲಿ ಬಳೆ ತೊಡಿಸಿದಳು. ಅವನ ಅಪ್ಪ ಬೇರೆಲ್ಲೋ ಹುಟ್ಟಿ ಬೆಳೆದು ನಮ್ಮ ಬೀದಿಗೆ ಬಂದು ನೆಲೆಸಿದ ಹಿರಿಯ ಗಾಯಕ. ಬೆಳಗಿನ ಜಾವ ವಿದ್ಯುತ್ ಕಂಬದ ತುದಿಯಲ್ಲಿ ಕೂತು ಹಾಡಿದರೆ ನಾನು ಹಲ್ಲುಜ್ಜುವುದನ್ನು ನಿಲ್ಲಿಸಿ ಎಣಿಸುತ್ತಿದ್ದೆ. ಹದಿಮೂರು ಬೇರೆಬೇರೆ ಸೊಲ್ಲು, ಒಂದರ ಹಿಂದೆ ಒಂದು, ಒಂದು ಇನ್ನೊಂದರಂತೆ ಇಲ್ಲ. ನಮ್ಮ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಬದುಕಿದ್ದರೆ ಅವನಿಗೆ ಕೈಮುಗಿಯುತ್ತಿದ್ದರು. ಈ ಜಾತಿಯಲ್ಲಿ ಮಗ ಅಪ್ಪನನ್ನೂ ನೆರೆಯವರನ್ನೂ ಕೇಳಿಕೇಳಿಯೇ ಹಾಡು ಕಲಿಯುತ್ತಾನೆ. ಮೊದಲ ಕೆಲವು ವಾರ ಕಿವಿ ತೆರೆದಿರಬೇಕು, ತಲೆ ಚುರುಕಾಗಿರಬೇಕು. ಆ ವಾರಗಳು ಹೋದರೆ ಹೋದವು, ಎರಡನೆಯ ಪ್ರದರ್ಶನ ಇಲ್ಲ.

ಮರುವರ್ಷ ನೀಲಿ ಬಳೆಯವನು ವಾಪಸು ಬಂದ. ಅಪ್ಪನ ಕಂಬದಿಂದ ಎರಡು ಕಂಬ ಆಚೆ ಕೂತ, ಎದೆ ಉಬ್ಬಿಸಿದ, ಬಾಲ ಎತ್ತಿದ, ಹಾಡಿದ. ಎರಡು ಸೊಲ್ಲು. ನಾನು ಮೂರನೆಯದಕ್ಕೆ ಕಾದೆ. ಮತ್ತೆ ಅದೇ ಎರಡು. ಬೆಳಿಗ್ಗೆಯೆಲ್ಲ ಅದೇ ಎರಡು. ರಂಗದ ಮೇಲೆ ಮಾತು ಮರೆತ ನಟ ಹೇಗೆ ಹೇಳಿದ್ದನ್ನೇ ಹೇಳುತ್ತಾ ಪರದೆಯ ಮರೆಯಿಂದ ಯಾರಾದರೂ ಪಿಸುಗುಟ್ಟಲಿ ಎಂದು ಕಾಯುತ್ತಾನೋ ಹಾಗೆ. ನಾನು ಆ ಕಾಯುವಿಕೆ ಬಲ್ಲೆ, ಅದಕ್ಕೇ ನೋಡಲಾಗಲಿಲ್ಲ. ಹೆಣ್ಣೊಂದು ಬಂದು ತಂತಿಯ ಮೇಲೆ ಕೂತಿತು, ಸ್ವಲ್ಪ ಹೊತ್ತು ಕೇಳಿತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಪಕ್ಕದ ಗಂಡು ಅವನ ಕಂಬವನ್ನು ಮೂರೇ ದಿನದಲ್ಲಿ ಕಿತ್ತುಕೊಂಡಿತು. ಬೀದಿಯವರು ಅವನಿಗೆ ಎರಡು ಸೊಲ್ಲಿನವ ಎಂದು ಹೆಸರಿಟ್ಟರು. ಕಾರ್ಖಾನೆಯ ತಗಡಿನ ಮೇಲೆ ಒಂದಷ್ಟು ದಿನ ಹಾಡಿಕೊಂಡಿದ್ದ. ಆಮೇಲೆ ಕಾಣಲಿಲ್ಲ.

ಅವನು ಸತ್ತನೋ ಇಲ್ಲವೋ ಗೊತ್ತಿಲ್ಲ, ಮಾನ್ಯರೇ, ಹೆಣ ತಂದುಕೊಡಲಾರೆ. ಮೂವರ ಕೈ ಸೇರಿ ಆದ ಕೇಡು ಅವನದು. ಕಾರ್ಖಾನೆಯದೊಂದು ಕೈ, ನೋಡಬೇಕಾದವರು ನೋಡದೆ ಕೂತ ಕಚೇರಿಯದೊಂದು ಕೈ, ನನ್ನದೊಂದು. ನನ್ನ ಕೈಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗೋಡೆಯ ತೂತಿನಲ್ಲಿ ಹುಟ್ಟಿ ಬಳೆ ತೊಟ್ಟು ವಾಪಸು ಬಂದ ಐದು ಗಂಡುಗಳ ಹಾಡನ್ನೂ ನಾನು ಎಣಿಸಿದ್ದೇನೆ. ನಾಲ್ಕು ಸೊಲ್ಲು ದಾಟಿದವನು ಒಬ್ಬನೂ ಇಲ್ಲ. ನೀರಿನ ಘಟಕದ ಬರಿ ಮರದ ಪೆಟ್ಟಿಗೆಯಲ್ಲಿ ಹುಟ್ಟಿದವರು ಒಂಬತ್ತು ಹಾಡುತ್ತಾರೆ, ಹತ್ತು ಹಾಡುತ್ತಾರೆ, ಅದರಲ್ಲೊಬ್ಬ ಘಟಕದ ಪಂಪಿನ ಕಿರುಗುಟ್ಟುವಿಕೆಯನ್ನೂ ಸೇರಿಸಿಕೊಂಡಿದ್ದಾನೆ. ಕಾವಲುಗಾರ ಅದನ್ನು ಕೇಳಿ ಎರಡು ಸಲ ಪಂಪಿಗೆ ಎಣ್ಣೆ ಬಿಟ್ಟನಂತೆ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ಬುಧವಾರ. ಕಾಂಪೌಂಡ್ ಗೋಡೆಯ ಎಡದಿಂದ ಮೂರನೆಯ ತೂತಿನಲ್ಲಿ ನಿನ್ನೆ ನಾಲ್ಕು ಮೊಟ್ಟೆ ಒಡೆದಿವೆ. ಅಕ್ಕ ಮತ್ತೆ ಏಣಿ ತೆಗೆದಿದ್ದಾಳೆ, ತಾನೇ ನೋಡಿ ಬಂದಳು. ಅವು ಹಾರಲು ಹದಿನೈದು ದಿನ ಬೇಕು. ಎರಡನೆಯ ಕುಲುಮೆಯ ಚಿಮಣಿ ಆ ತೂತಿನಿಂದ ಹನ್ನೆರಡು ಹೆಜ್ಜೆ. ಅದು ಹೊತ್ತುವುದು ಸೋಮವಾರ. ಎಂದರೆ ಅವುಗಳ ಕಣ್ಣು ತೆರೆಯುವ ಹೊತ್ತಿಗೆ ಸರಿಯಾಗಿ. ಈ ನಾಲ್ಕು ಮರಿಗಳ ಮೇಲೆ ನನ್ನ ಬಣ್ಣದ ಒಂದು ಚಕ್ಕೆಯೂ ಬಿದ್ದಿಲ್ಲ. ಇವುಗಳ ವಿಷಯದಲ್ಲಿ ತಾವು ಯಾರನ್ನು ಎಮ್ಮೆ ಮಾಡುತ್ತೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ಈ ಮರಿಗಳು ಹಾರುವ ತನಕ ಎರಡನೆಯ ಕುಲುಮೆ ತಣ್ಣಗಿರಲಿ. ಅಷ್ಟರೊಳಗೆ ತಮ್ಮದೇ ಪ್ರಯೋಗಾಲಯದವರು, ತಮ್ಮದೇ ಕೈಗವಸು ಹಾಕಿಕೊಂಡು, ಗೋಡೆಯ ಮರಿಯ ರಕ್ತ, ಚರಂಡಿಯ ಮಣ್ಣು, ನನ್ನ ಅರಮನೆಯ ಚಕ್ಕೆ, ಮೂರನ್ನೂ ತೆಗೆದು ಪರೀಕ್ಷಿಸಲಿ. ಅಕ್ಕನ ನೋಟ್‌ಬುಕ್ಕು ಕಲುಷಿತವಾಗಿದ್ದರೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ತಾವು ಒಪ್ಪುವುದಿಲ್ಲ ಎಂದು ಬಲ್ಲೆ. ಮುಚ್ಚಿದ ಕಡತವನ್ನು ತೆರೆಯಲು ನಿಯಮವಿಲ್ಲ ಎಂದು ಆದೇಶದ ಕೊನೆಯ ಸಾಲಿನಲ್ಲೇ ಇದೆ. ಆದೇಶದ ಪ್ರತಿ ಪಡೆಯಲು ಬಂದ ದಿನ ಅದನ್ನೇ ಹಿಡಿದು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಮೇಲೆ ಹೇಳಿದ ಗುಮಾಸ್ತರು ಊಟದ ಡಬ್ಬಿ ಹಿಡಿದುಕೊಂಡು ಪಕ್ಕ ಬಂದು ಕೂತರು. ಅವರ ಋಣ ಇದು.

"ಕಡತ ತೆಗೆಸೋಕೆ ಹೋಗ್ಬೇಡಿ, ಆಗಲ್ಲ" ಅಂದರು. "ಹೊಸದು ಹಾಕಿ."

"ಯಾರ ಮೇಲೆ ಹಾಕ್ಲಿ? ಕಾರ್ಖಾನೆ ಮೇಲೆ ಹಾಕಿದ್ರೆ ಆಗ್ಲೇ ತೀರ್ಮಾನ ಆಗಿದೆ ಅಂತೀರಿ."

"ಅದು ಸರಿ. ಆದ್ರೆ ಮಾಲಿನ್ಯ ಮಾಡಿದೋನೇ ಬಂದು, ನಾನೇ ಮಾಡಿದೀನಿ ಅಂತ ಬರೆದು ಕೊಟ್ಟ ಅಂದ್ಕೊಳ್ಳಿ. ಆಗ ನಮಗೆ ಬೇರೆ ದಾರಿ ಇರಲ್ಲ. ಮೂರು ದಿನದೊಳಗೆ ಮಾದರಿ ತೆಗೀಲೇಬೇಕು. ಅವನು ಹೇಳಿದ ಜಾಗ ಒಂದೇ ಅಲ್ಲ, ಸುತ್ತ ಇನ್ನೂರು ಮೀಟರ್. ವರದಿ ಬರೋ ತನಕ ಆ ವಠಾರದಲ್ಲಿ ಯಾವ ಹೊಸ ಅನುಮತೀನೂ ನಡಿಯಲ್ಲ."

"ಹಂಗೆ ಯಾರಾದ್ರೂ ಬರೆದು ಕೊಟ್ಟಿದಾರಾ?"

"ಇಪ್ಪತ್ತೇಳು ವರ್ಷ ಸರ್ವೀಸು. ಒಬ್ರೂ ಬಂದಿಲ್ಲ. ನಮೂನೆ ಅಚ್ಚು ಹಾಕ್ಸಿ ಇಟ್ಟಿದೀವಿ, ಧೂಳು ಹಿಡಿದಿದೆ." ಡಬ್ಬಿಯ ಮುಚ್ಚಳ ತೆಗೆದು, "ನಾನೇನೂ ಹೇಳ್ಲಿಲ್ಲ, ಮತ್ತೆ" ಅಂದರು.

ಅವರು ಏನೂ ಹೇಳಲಿಲ್ಲ, ಮಾನ್ಯರೇ. ಅವರನ್ನು ವರ್ಗ ಮಾಡಬೇಡಿ. ನಿಯಮ ಪುಸ್ತಕದಲ್ಲೇ ಇದೆ, ನಾನೂ ಅಕ್ಕನೂ ಗ್ರಂಥಾಲಯದಲ್ಲಿ ಕೂತು ಓದಿದೆವು. ನಿಯಮದ ಜೊತೆಗೆ ಶಿಕ್ಷೆಯೂ ಬರೆದಿದೆ. ಅಕ್ಕ ಆ ಸಾಲನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿ, "ಬರೆಯೋದು ನಾನೇ ಬರೀತೀನಿ, ನಿನ್ನ ಅಕ್ಷರ ಯಾರಿಗೂ ಓದೋಕಾಗಲ್ಲ" ಅಂದಳು. ನಿನ್ನೆ ಬರೆದಳು. ಒಂಬತ್ತು ವರ್ಷ, ಹನ್ನೊಂದು ಪೆಟ್ಟಿಗೆ, ಒಂದೊಂದರ ಜಾಗ, ಕುಲುಮೆ ಬೀದಿಯವು ಕಾರ್ಖಾನೆಯಿಂದ ಇನ್ನೂರು ಮೀಟರಿನೊಳಗೇ ಇವೆ ಎಂಬುದು, ಒಂದೊಂದರಲ್ಲಿ ಬೆಳೆದ ಮರಿಗಳ ಸಂಖ್ಯೆ. ಎಲ್ಲೂ ತಮ್ಮನೆಂಬ ದಾಕ್ಷಿಣ್ಯ ತೋರಿಸಲಿಲ್ಲ. ಸಹಿಯ ಜಾಗ ಮಾತ್ರ ನನಗೆ ಬಿಟ್ಟಳು.

ಆದ್ದರಿಂದ ಮಹಾಜನರೇ, ಮಾನ್ಯರೇ, ಕೇಳಿ. ನಾಳೆ ಗುರುವಾರ ಬೆಳಿಗ್ಗೆ ಆರಕ್ಕೆ ಎದ್ದು ಅಕ್ಕನ ಜೊತೆ ಏಣಿ ಹೊತ್ತು ಹೋಗುತ್ತೇನೆ. ಮರಿಗಳಿಲ್ಲದ ಅರಮನೆಗಳನ್ನು ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮರಿಗಳಿರುವ ಮೂರನ್ನು ಮುಟ್ಟುವುದಿಲ್ಲ. ಅವುಗಳನ್ನು ಮರಿಗಳು ಹಾರಿದ ಮೇಲೆ ತರುತ್ತೇನೆ, ತಮ್ಮ ಪ್ರಯೋಗಾಲಯ ಅಷ್ಟು ದಿನ ನನ್ನ ಮಾತು ನಂಬಬೇಕು. ಹತ್ತು ಗಂಟೆಗೆ ತಮ್ಮ ಕಚೇರಿಯ ಮೂರನೆಯ ಕಿಟಕಿಯ ಮುಂದೆ ನಿಂತು, ಚೀಲವನ್ನು ಕೆಳಗಿಟ್ಟು, ಇಪ್ಪತ್ತೇಳು ವರ್ಷದಿಂದ ಧೂಳು ಹಿಡಿದ ನಮೂನೆಯನ್ನು ಕೇಳಿ ಪಡೆದು, ಅಕ್ಕ ಬರೆದದ್ದನ್ನು ಅದಕ್ಕೆ ಪಿನ್ನು ಹಾಕಿ ಕೊಡುತ್ತೇನೆ. ಮೊದಲನೆಯ ಆರೋಪಿಯ ಕಾಲಂನಲ್ಲಿ ನನ್ನ ಹೆಸರು ತುಂಬುತ್ತೇನೆ. ಎರಡನೆಯ ಆರೋಪಿಯ ಕಾಲಂ ಖಾಲಿ ಬಿಡುತ್ತೇನೆ, ಅದನ್ನು ತುಂಬುವುದು ತಮ್ಮ ಕೆಲಸ. ರಸೀದಿ ಕೈಗೆ ಬರುವ ತನಕ ಆ ಕಿಟಕಿಯಿಂದ ಕದಲುವುದಿಲ್ಲ.

ಇಂತಿ,
ತಾವು ಹುಡುಕಿಕೊಟ್ಟ ತಪ್ಪನ್ನು ತಾನೇ ಹೊತ್ತು ತರಲಿರುವ,
ಹನ್ನೊಂದು ಅರಮನೆಗಳ ಬಡಗಿ